ಬೆಳ್ಳಿಯ ದವಡೆಹಲ್ಲು ಮತ್ತು ವಿಮೆಯ ಷರತ್ತು

ಚಿಕ್ಕಬಳ್ಳಾಪುರ, 19 ಜನವರಿ 2025, ಭಾನುವಾರ

ಇಂದು ಬೆಳಗ್ಗೆ ನಮ್ಮ ಮನೆಯ ಮೊಲ ಬೆಳ್ಳಿ ಗರಿಕೆ ಹುಲ್ಲನ್ನು ತಾನಾಗಿಯೇ ಜಗಿದು ತಿಂದಿತು. ಬೆಂಗಳೂರಿನಲ್ಲಿ ಅದರ ದವಡೆಹಲ್ಲುಗಳನ್ನು ತೇಯಿಸಿಕೊಂಡು ಬಂದು ಇದು ನಾಲ್ಕನೆಯ ದಿನ. ಈ ಮೂರು ದಿನವೂ ಸಿರಿಂಜಿನಲ್ಲಿ ಸ್ವಲ್ಪಸ್ವಲ್ಪವಾಗಿ ಆಹಾರ ಕುಡಿಸುತ್ತಿದ್ದ ಮಗಳು, ಹುಲ್ಲು ಜಗಿಯುವ ಸದ್ದು ಕೇಳಿ ಅಡುಗೆಮನೆಯಿಂದ ಓಡಿಬಂದು ಅಲ್ಲಿಯೇ ಕುಳಿತುಬಿಟ್ಟಳು.

ಕಾಯಿಲೆ ಮೊದಲು ಕಾಣಿಸಿದ್ದು ಬಾಯಿಯಲ್ಲಲ್ಲ, ಕಣ್ಣಿನಲ್ಲಿ. ಡಿಸೆಂಬರಿನ ಕೊನೆಯಲ್ಲಿ ಎಡಗಣ್ಣಿನಿಂದ ನೀರು ಸುರಿಯಲಾರಂಭಿಸಿತು. ಇಲ್ಲಿ ತೋರಿಸಿದ ಕಡೆ ಬಾಯಿ ತೆರೆದು ನೋಡದೆ ಕಣ್ಣಿನ ಹನಿ ಕೊಟ್ಟು ಕಳುಹಿಸಿದರು. ಆಮೇಲೆ ಅದು ಒಣಹುಲ್ಲನ್ನು ಬಿಟ್ಟು ಕೊತ್ತಂಬರಿ ಸೊಪ್ಪನ್ನು ಮಾತ್ರ ತಿನ್ನತೊಡಗಿತು, ಗದ್ದ ಸದಾ ಒದ್ದೆಯಾಗಿರುತ್ತಿತ್ತು, ಹಿಕ್ಕೆಗಳು ದಿನದಿಂದ ದಿನಕ್ಕೆ ಸಣ್ಣದಾದವು. ಮೊಲ ನೋವನ್ನು ಬಚ್ಚಿಡುವ ಪ್ರಾಣಿ. ಅರ್ಧ ದಿನ ಏನೂ ತಿನ್ನದಿದ್ದರೆ ಕರುಳಿನ ಚಲನೆಯೇ ನಿಂತು ಜೀವಕ್ಕೆ ಅಪಾಯವಾಗುತ್ತದೆ ಎಂಬುದು ನಮಗೆ ತಿಳಿದದ್ದು ಬೆಂಗಳೂರಿನ ವೈದ್ಯೆಯಿಂದ. ಮನುಷ್ಯರ ಲೆಕ್ಕದಲ್ಲಿ ಅರಿವಳಿಕೆಗೆ ಮುನ್ನ ಉಪವಾಸ ಇರಿಸಬೇಕೇ ಎಂದು ನಾನು ಫೋನಿನಲ್ಲಿ ಕೇಳಿದಾಗ, ಮೊಲಕ್ಕೆ ವಾಂತಿಯೇ ಆಗುವುದಿಲ್ಲ, ತಿನ್ನುವಷ್ಟನ್ನು ತಿನ್ನಿಸಿಕೊಂಡೇ ಬನ್ನಿ ಎಂದು ಅವರು ಹೇಳಿದರು.

ಎಕ್ಸ್-ರೇ ಚಿತ್ರವನ್ನು ಬೆಳಕಿಗೆ ಹಿಡಿದು ಅವರು ವಿವರಿಸಿದ್ದನ್ನು ಮರೆಯುವ ಮುನ್ನ ಬರೆದಿಡುತ್ತೇನೆ. ಮೊಲಕ್ಕೆ 28 ಹಲ್ಲುಗಳಿವೆ: ಬಾಚಿಹಲ್ಲು 6, ದವಡೆಹಲ್ಲು 22, ಕೋರೆಹಲ್ಲು ಇಲ್ಲ. ಮೇಲಿನ ಎರಡು ದೊಡ್ಡ ಬಾಚಿಹಲ್ಲುಗಳ ಹಿಂದೆ ಮೊಳೆಯಂಥ ಇನ್ನೆರಡು ಪುಟ್ಟ ಹಲ್ಲುಗಳು ಅಡಗಿರುತ್ತವೆ. ಈ ಎಲ್ಲ ಹಲ್ಲುಗಳೂ ಸಾಯುವವರೆಗೆ ಬೆಳೆಯುತ್ತಲೇ ಇರುತ್ತವೆ, ಬಾಚಿಹಲ್ಲಂತೂ ವಾರಕ್ಕೆ ಸುಮಾರು 2 ಮಿಲಿಮೀಟರ್ ಬೆಳೆಯುತ್ತದೆ. ನಾರಿನ ಹುಲ್ಲನ್ನು ಅಡ್ಡಡ್ಡಕ್ಕೆ ಅರೆಯುವಾಗ ಅವು ಸಮನಾಗಿ ಸವೆಯಬೇಕು. ಸವೆಯದಿದ್ದರೆ ಕೆಳದವಡೆಯ ಹಲ್ಲಿನ ಅಂಚು ಮುಳ್ಳಿನಂತೆ ನಾಲಿಗೆಯ ಕಡೆಗೂ ಮೇಲ್ದವಡೆಯದು ಕೆನ್ನೆಯ ಕಡೆಗೂ ಚಾಚಿ ಹುಣ್ಣು ಮಾಡುತ್ತದೆ. ಬೇರು ಹಿಮ್ಮುಖವಾಗಿ ಬೆಳೆದು ಕಣ್ಣೀರಿನ ನಾಳವನ್ನು ಒತ್ತುತ್ತದೆ. ಬೆಳ್ಳಿಗೆ ಇವೆರಡೂ ಆಗಿದ್ದವು. ಕ್ಯಾರೆಟ್ಟು, ಚಪಾತಿ ಚೂರು, ಅಂಗಡಿಯ ಗುಳಿಗೆ ಆಹಾರ ಇವನ್ನೇ ಹೊಟ್ಟೆ ತುಂಬ ಕೊಟ್ಟು ಹುಲ್ಲನ್ನು ಕಡಿಮೆ ಮಾಡಿದ್ದು ನಮ್ಮ ತಪ್ಪು.

ಎಕ್ಸ್-ರೇ, ಅರಿವಳಿಕೆ, ಹಲ್ಲು ತೇಯಿಸಿದ್ದು, ನೋವಿನ ಔಷಧ ಎಲ್ಲ ಸೇರಿ 7,400 ರೂಪಾಯಿಯಾಯಿತು. ಬೇರು ಸರಿಹೋಗುವುದಿಲ್ಲ, ಆದ್ದರಿಂದ ಆರೆಂಟು ವಾರಗಳಿಗೊಮ್ಮೆ ಬರಬೇಕಾಗಬಹುದು ಎಂದು ವೈದ್ಯೆ ಹೇಳಿದಾಗಲೇ ನನಗೆ ವಿಮೆಯ ವಿಚಾರ ಹೊಳೆದದ್ದು. ನಿನ್ನೆ ಸಂಜೆ ನಮ್ಮ ಬೀದಿಯ ವಿಮಾ ಏಜೆಂಟರನ್ನು ಕೇಳಿದೆ. ಅವರು ನಗಲಿಲ್ಲ, ಕುಳಿತು ಸಮಾಧಾನದಿಂದ ಹೇಳಿದರು: “ಮೇಷ್ಟ್ರೇ, ಹಸು, ಕುರಿ, ಮೇಕೆ ಆದ್ರೆ ನಾನೇ ಮಾಡಿಸಿಕೊಡ್ತೀನಿ. ಮೊಲ ಸಾಕಣೆ ಶೆಡ್ ಇದ್ರೂ ವಿಚಾರಿಸಬಹುದು. ಮನೇಲಿ ಮಗು ಸಾಕಿರೋ ಮೊಲದ ಹಲ್ಲಿಗೆ ಅಂದ್ರೆ ನನ್ನ ಹತ್ರ ಯಾವ ಪಾಲಿಸೀನೂ ಇಲ್ಲ.”

ಅವರು ಹೇಳಿದ್ದು ಸರಿ. ರಾಷ್ಟ್ರೀಯ ಜಾನುವಾರು ಮಿಷನ್ನಿನ ವಿಮೆಯಲ್ಲಿ ಮೊಲಕ್ಕೂ ಸ್ಥಾನವಿದೆ. ಕುರಿ, ಮೇಕೆ, ಹಂದಿಗಳಂತೆ 10 ಮೊಲಗಳನ್ನು ಒಂದು ಜಾನುವಾರು ಘಟಕವೆಂದು ಎಣಿಸುತ್ತಾರೆ. ಆದರೆ ಆ ವಿಮೆ ಪ್ರಾಣಿ ಸತ್ತಾಗ ರೈತನಿಗಾಗುವ ನಷ್ಟವನ್ನು ತುಂಬುವುದಕ್ಕಾಗಿ ಇದೆ, ಬದುಕಿಸುವ ಖರ್ಚಿಗಾಗಿ ಅಲ್ಲ. ಚಿಕಿತ್ಸೆಯ ವೆಚ್ಚ ಕೊಡುವ ಸಾಕುಪ್ರಾಣಿ ಪಾಲಿಸಿಗಳು ನಮ್ಮಲ್ಲಿ ಬಹುಮಟ್ಟಿಗೆ ನಾಯಿ ಮತ್ತು ಬೆಕ್ಕಿಗೆ ಮೀಸಲಾಗಿವೆ.

ಬ್ರಿಟನ್ನಿನಲ್ಲಿ ಮನೆಯ ಮೊಲಕ್ಕೂ ವಿಮೆ ಸಿಗುತ್ತದೆ. ರಾತ್ರಿ ಆ ಷರತ್ತುಗಳನ್ನು ಓದುತ್ತಾ ಹೋದಂತೆ, ಪಾಲಿಸಿ ಸಿಗುವುದೇ ಬೇರೆ, ಹಲ್ಲಿಗೆ ಹಣ ಸಿಗುವುದೇ ಬೇರೆ ಎಂಬುದು ಮನವರಿಕೆಯಾಯಿತು. ಕೆಲವು ಪಾಲಿಸಿಗಳು ಹಲ್ಲು ಕತ್ತರಿಸುವುದನ್ನು ಉಗುರು ಕತ್ತರಿಸುವಂಥ ದಿನನಿತ್ಯದ ಆರೈಕೆಯೆಂದು ಹೊರಗಿಡುತ್ತವೆ. ಕೆಲವು, ವರ್ಷಕ್ಕೊಮ್ಮೆ ಹಲ್ಲು ತಪಾಸಣೆ ಮಾಡಿಸಿದ ದಾಖಲೆಯಿದ್ದರೆ ಮಾತ್ರ ಒಪ್ಪುತ್ತವೆ. ಪಾಲಿಸಿಗೆ ಮುಂಚೆಯೇ ಲಕ್ಷಣ ಕಾಣಿಸಿದ್ದರೆ ಹಣವಿಲ್ಲ. ಎಲ್ಲಕ್ಕಿಂತ ಕಠಿಣವಾದದ್ದು ‘ಒಂದು ಕಾಯಿಲೆ’ ಎಂಬುದರ ಅರ್ಥ. ಕಾಲು ಮುರಿದರೆ ಕೂಡಿದ ಮೇಲೆ ಮುಗಿಯಿತು. ಹಲ್ಲು ಮಾತ್ರ ತೇಯಿಸಿದ ದಿನದಿಂದಲೇ ಮತ್ತೆ ಬೆಳೆಯುತ್ತದೆ, ಹೀಗಾಗಿ ಎರಡನೆಯ ಸಲದಿಂದ ಮಾಡಿಸುವುದೆಲ್ಲ ಹಳೆಯ ಕಾಯಿಲೆಯ ಮುಂದುವರಿಕೆಯಾಗಿಬಿಡುತ್ತದೆ, ಹನ್ನೆರಡು ತಿಂಗಳ ಪಾಲಿಸಿಯಲ್ಲಿ ಆ ಕಾಯಿಲೆಗೆ ಮರುವರ್ಷ ಬಾಗಿಲು ಮುಚ್ಚುತ್ತದೆ. ಚಿಕಿತ್ಸೆಗೆ ಕೊಡುವ ಹಣದ ಮಿತಿಯನ್ನು ಪ್ರತಿವರ್ಷ ಹೊಸದಾಗಿ ತುಂಬುವ, ಜೀವನಪರ್ಯಂತದ ಪಾಲಿಸಿಯಷ್ಟೇ ಮೊಲದ ಹಲ್ಲಿಗೆ ನಿಜವಾಗಿ ಉಪಯೋಗಕ್ಕೆ ಬರುವಂಥದ್ದು. ನಮ್ಮಲ್ಲಿ ಮುಂದೆ ಮೊಲಕ್ಕೆ ವಿಮೆ ಬಂದರೆ ಆ ಒಂದು ಸಾಲು ಅದರಲ್ಲಿ ಇರಲೇಬೇಕೆಂದು ನನಗೆ ತೀವ್ರವಾಗಿ ಅನ್ನಿಸುತ್ತದೆ.

ಬೆಳ್ಳಿಗೆ ಮಾತ್ರ ಇನ್ನು ಯಾವ ಪಾಲಿಸಿಯೂ ಒದಗುವುದಿಲ್ಲ. ಅದರ ಕಾಯಿಲೆ ಈಗಾಗಲೇ ಕಾಗದದ ಮೇಲೆ ಬಂದಿದೆ. ಆದ್ದರಿಂದ ಪ್ರೀಮಿಯಂ ಕಟ್ಟುವಂತೆಯೇ ತಿಂಗಳಿಗೆ 1,000 ರೂಪಾಯಿಯನ್ನು ಅಂಚೆ ಕಚೇರಿಯ ಆರ್‌ಡಿಗೆ ಹಾಕುವುದೆಂದು ನಾವಿಬ್ಬರೂ ನಿರ್ಧರಿಸಿದೆವು. ವೈದ್ಯೆ ಕೊಟ್ಟ ಎಕ್ಸ್-ರೇ, ರಸೀದಿ, ತೂಕದ ಚೀಟಿಗಳನ್ನು ಒಂದು ಫೈಲಿನಲ್ಲಿ ಸೇರಿಸಿದ್ದೇನೆ. ಶಿಡ್ಲಘಟ್ಟದ ಕಡೆ ರೇಷ್ಮೆ ಸಾಕುವ ನನ್ನ ಷಡ್ಡಕ ಬುಧವಾರ ಹಿಪ್ಪುನೇರಳೆ ಸೊಪ್ಪು ತಂದುಕೊಡುವುದಾಗಿ ಹೇಳಿದ್ದಾರೆ. ಔಷಧ ಹೊಡೆಯದ ಸಾಲಿನಿಂದಲೇ ಕೊಯ್ದು ತರುವಂತೆ ಎರಡು ಸಲ ಹೇಳಿದ್ದೇನೆ.

ರಾತ್ರಿ ಒಂಬತ್ತಕ್ಕೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆವು: 1,640 ಗ್ರಾಂ. ಗುರುವಾರ 1,610 ಇತ್ತು. ಎಡಗಣ್ಣು ಇನ್ನೂ ಸ್ವಲ್ಪ ಒದ್ದೆಯಾಗಿದೆ.