ಎಲ್ಲಾ ಕಪ್ಪೇ ಯಾಕೆ?

ಪ್ರದರ್ಶನ ಯಾವ ಊರಲ್ಲೇ ಇರಲಿ, ನನ್ನ ಚಿತ್ರದ ಮುಂದೆ ನಿಂತವರು ಮೊದಲು ಕೇಳುವುದು ಇದನ್ನೇ. "ಎಲ್ಲಾ ಕಪ್ಪೇ ಯಾಕೆ? ಒಂಚೂರು ಬಣ್ಣ ಹಾಕಬಾರದಾ?" ಕೆಲವರು ದನಿ ತಗ್ಗಿಸಿ, "ಮನೇಲಿ ಎಲ್ಲಾ ಚೆನ್ನಾಗಿದ್ದಾರಲ್ವಾ?" ಅಂತಲೂ ವಿಚಾರಿಸಿದ್ದಾರೆ. ಚೆನ್ನಾಗಿದ್ದಾರೆ. ಕಪ್ಪು ನನಗೆ ದುಃಖದ ಬಣ್ಣ ಅಲ್ಲ. ಆದರೆ ನಿಂತಲ್ಲೇ ಎರಡು ಮಾತಿನಲ್ಲಿ ಇದನ್ನು ಹೇಳಿ ಮುಗಿಸೋಕೆ ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಚಿತ್ರಗಳಲ್ಲಿ ಇರುವುದು ದಾವಣಗೆರೆಯ ಮಂಡಕ್ಕಿ ಭಟ್ಟಿಗಳು. ಹೊರಗಿನವರಿಗೆ ನಮ್ಮೂರು ಅಂದರೆ ಬೆಣ್ಣೆ ದೋಸೆ. ನಮಗೆ ಸಂಜೆಯಾದರೆ ಮಂಡಕ್ಕಿ, ಮೆಣಸಿನಕಾಯಿ ಬೇಕು. ಆ ಮಂಡಕ್ಕಿ ಹುಟ್ಟುವ ಜಾಗಕ್ಕೆ ನಾನು ಮೊದಲು ಹೋಗಿದ್ದು ದೃಶ್ಯಕಲಾ ಕಾಲೇಜಿನಲ್ಲಿ ಓದುವಾಗ. 1964ರಿಂದ ಈ ಊರಲ್ಲಿ ಚಿತ್ರಕಲೆ ಕಲಿಸುತ್ತಿರುವ ಕಾಲೇಜು ಅದು. ಸ್ಕೆಚ್ ಬುಕ್ ಹಿಡಿದು ಊರು ಸುತ್ತುವುದು ನಮಗೆ ಪಾಠದಷ್ಟೇ ಮುಖ್ಯವಾಗಿತ್ತು. ಒಂದು ದಿನ ಬೆಳಗಿನ ಜಾವ ನಾಲ್ಕೂವರೆಗೆ ಒಂದು ಭಟ್ಟಿಯೊಳಗೆ ಹೋದೆ. ಗೋಡೆ, ಸೂರು, ಬಾಣಲೆ, ಮರಳು ಎಲ್ಲಾ ಮಸಿ ಹಿಡಿದು ಒಂದೇ ಆಗಿದ್ದವು. ಉಪ್ಪುನೀರು ಉಣಿಸಿದ ಅಕ್ಕಿಯನ್ನು ಕಾದ ಮರಳಿಗೆ ಸುರಿದರು. ಒಂದೆರಡು ಉಸಿರು ಎಳೆಯುವಷ್ಟರಲ್ಲಿ ಚಟಪಟ ಅಂತ ಅರಳಿತು. ಜರಡಿಗೆ ಬಾಚಿ ಅಲ್ಲಾಡಿಸಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಅಷ್ಟು ದೊಡ್ಡ ಕತ್ತಲಲ್ಲಿ ನನ್ನ ಕಣ್ಣಿಗೆ ಬಿದ್ದ ಬಿಳಿ ಅದೊಂದೇ.

ಮೊದಲು ಇದನ್ನೇ ಕ್ಯಾನ್ವಾಸ್ ಮೇಲೆ ಬಣ್ಣದಲ್ಲಿ ಮಾಡಿದೆ. ಬೆಂಕಿಗೆ ಅಂತ ಕೆಂಪು, ಹಳದಿ ಸುರಿದೆ. ನೋಡಿದವರು ಚೆನ್ನಾಗಿದೆ ಅಂದರು. ನನಗೆ ಮಾತ್ರ ಅದು ದೀಪಾವಳಿ ಥರ ಕಾಣುತ್ತಿತ್ತು. ಅಲ್ಲಿನ ಬಿಸಿ, ಆ ಕತ್ತಲು, ಕಣ್ಣುರಿ ಯಾವುದೂ ಬಂದಿರಲಿಲ್ಲ.

ದಾರಿ ಸಿಕ್ಕಿದ್ದು ಗೆಳತಿಯ ಮನೆಯ ಅಟ್ಟದಲ್ಲಿ. ಅವರದು ಹಳೇ ವ್ಯಾಪಾರಸ್ಥರ ಮನೆ. ಅಟ್ಟ ಕ್ಲೀನ್ ಮಾಡುವಾಗ ಒಂದು ಕರಿ ಬಟ್ಟೆಯ ಮಡಿಕೆ ಸಿಕ್ಕಿತು. ರಟ್ಟಿನ ಥರ ಗಡುಸಾಗಿತ್ತು. ಬಿಡಿಸುತ್ತಾ ಹೋದರೆ ಮಡಿಕೆ ಮೇಲೆ ಮಡಿಕೆ, ತುಂಬಾ ಬಿಳಿ ಅಕ್ಷರದ ಲೆಕ್ಕ. ಬೆರಳಿಟ್ಟರೆ ಬಿಳಿ ಪುಡಿ ಅಂಟಿತು. ಅದು ಕಡತ. ಹಿಂದೆ ಹತ್ತಿ ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಅಂಗಡಿಯವರ ಲೆಕ್ಕ ಇದರಲ್ಲೇ ಇರುತ್ತಿತ್ತು. ಶೃಂಗೇರಿ ಮಠದಲ್ಲಿ ಇಂಥ ಕಡತಗಳ ದೊಡ್ಡ ಸಂಗ್ರಹವೇ ಇದೆ. ಆಫೀಸುಗಳಲ್ಲಿ ಫೈಲಿಗೆ ಕಡತ ಅನ್ನುತ್ತೇವಲ್ಲ, ಆ ಮಾತು ಬಂದಿದ್ದು ಈ ಬಟ್ಟೆಯಿಂದಲೇ. ಹತ್ತಿ ಮಿಲ್ಲುಗಳ ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು ನಮ್ಮದು. ಹತ್ತಿ ಬಟ್ಟೆ, ಇದ್ದಿಲು, ಬಳಪ. ನನಗೆ ಬೇಕಾದ್ದೆಲ್ಲಾ ಆ ಒಂದು ಮಡಿಕೆಯಲ್ಲಿತ್ತು.

ಮಾಡೋಕೆ ಕೂತ ಮೇಲೆ ಗೊತ್ತಾಯಿತು ಎಷ್ಟು ಕಷ್ಟ ಅಂತ. ಹುಣಸೆ ಬೀಜ ಹುರಿದು ಸಿಪ್ಪೆ ತೆಗೆಯಬೇಕು. ರಾತ್ರಿಯಿಡೀ ನೆನೆಸಿ, ರುಬ್ಬಿ, ಅಂಬಲಿ ಹದಕ್ಕೆ ಕುದಿಸಬೇಕು. ಭಟ್ಟಿಯಿಂದ ತಂದ ಇದ್ದಿಲನ್ನು ಕುಟ್ಟಿ ತೆಳು ಬಟ್ಟೆಯಲ್ಲಿ ಮೂರು ಸಲ ಸೋಸಬೇಕು. ಅಂಟು ತೆಳುವಾದರೆ ಕಪ್ಪೆಲ್ಲಾ ಕೈಗೆ ಬರುತ್ತೆ. ದಪ್ಪವಾದರೆ ಮಡಚಿದಲ್ಲಿ ಬಿರಿಯುತ್ತೆ. ಮೊದಲ ಮಳೆಗಾಲಕ್ಕೆ ನನ್ನ ನಾಲ್ಕು ಕಡತಗಳಿಗೂ ಬೂಸ್ಟು ಹಿಡಿಯಿತು. ಎರಡು ತಿಂಗಳ ಕೆಲಸ. ಅತ್ತುಬಿಟ್ಟೆ. ಬುಕ್ ಬೈಂಡಿಂಗ್ ಮಾಡುವ ಒಬ್ಬರು, "ಗೋಂದಿಗೆ ನಾವು ಚಿಟಿಕೆ ಮೈಲುತುತ್ತ ಹಾಕ್ತೀವಮ್ಮ, ನೀನೂ ಹಾಕಿ ನೋಡು" ಅಂದರು. ಹಾಕಿದೆ. ಆಮೇಲೆ ಬೂಸ್ಟು ಬರಲಿಲ್ಲ. ಒಣಗಿದ ಮೇಲೆ ನುಣುಪು ಕಲ್ಲಿನಿಂದ ಉಜ್ಜಿದರೆ ಸಣ್ಣ ಹೊಳಪು ಬರುತ್ತೆ. ಅದರ ಮೇಲೆ ಬಳಪ ಎಳೆದಾಗ ಬರುವ ಗೆರೆ ಇದೆಯಲ್ಲ, ಅದು ಆಗಷ್ಟೇ ಅರಳಿದ ಮಂಡಕ್ಕಿಯದೇ ಬಿಳಿ. ಅಂಗಡಿಯಲ್ಲಿ ಸಿಗುವ ಯಾವ ಟ್ಯೂಬಿನಲ್ಲೂ ನನಗೆ ಆ ಬಿಳಿ ಸಿಕ್ಕಿಲ್ಲ.

ಇನ್ನು ಇದನ್ನು ಜನರ ಮುಂದೆ ಇಡುವ ಕಥೆ. ಒಂದು ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆಗೆ ಮೂರು ಕಡತ ಹೊತ್ತುಕೊಂಡು ಹೋದೆ. ಬಳಪ ಅಳಿಸುತ್ತೆ ಅಂತ ಭಯಪಟ್ಟು ಗ್ಲಾಸ್ ಫ್ರೇಮ್ ಹಾಕಿಸಿದ್ದೆ. ಕುಮಾರಕೃಪಾ ರಸ್ತೆಯ ಬಿಸಿಲಿಗೆ ಆ ಗ್ಲಾಸು ಕನ್ನಡಿಯಾಯಿತು. ಕಪ್ಪಿನ ಮೇಲೆ ಗ್ಲಾಸ್ ಇಟ್ಟರೆ ಆಗುವುದೇ ಹಾಗೆ. ನೋಡುವವರಿಗೆ ಅವರ ಮುಖವೇ ಕಾಣುತ್ತಿತ್ತು. ಒಬ್ಬ ಹುಡುಗಿ ತಲೆ ಬಾಚಿಕೊಂಡು ಹೋದಳು. ಸಂಜೆವರೆಗೆ ಒಂದೂ ಮಾರಾಟ ಆಗಲಿಲ್ಲ. ವಾಪಸ್ ಬಂದವಳೇ ಮೂರಕ್ಕೂ ಗ್ಲಾಸ್ ತೆಗೆಸಿದೆ.

ಮುಂದಿನ ಪ್ರದರ್ಶನ ಬೇರೊಂದು ಊರಿನ ಗ್ಯಾಲರಿಯಲ್ಲಿ. ಗ್ಲಾಸ್ ಇಲ್ಲದೆ ತೂಗುಹಾಕಿದೆ. ಎರಡನೇ ದಿನ ಬೆಳಿಗ್ಗೆ ಹೋಗಿ ನೋಡುತ್ತೇನೆ, 14 ಅಡಿ ಉದ್ದದ ಕಡತದಲ್ಲಿ ಕೆಳಗಿನ ಅರ್ಧ ಬೂದಿ ಬೂದಿ. ಗುಡಿಸುವ ಅಕ್ಕ ಬಿಳಿ ಪುಡಿಯನ್ನು ಧೂಳು ಅಂದುಕೊಂಡು ಚೆನ್ನಾಗಿ ಒರೆಸಿದ್ದರು. ವಿಷಯ ಗೊತ್ತಾದ ಮೇಲೆ ಅವರ ಕೈ ನಡುಗುತ್ತಿತ್ತು. ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ಪಕ್ಕದಲ್ಲಿ ಒಂದು ಚೀಟಿಯನ್ನೂ ನಾನು ಹಾಕಿರಲಿಲ್ಲ. ತಪ್ಪು ಅವರದು ಹೇಗಾಗುತ್ತೆ? ಅವರೇ ಸ್ಟೂಲ್ ತಂದುಕೊಟ್ಟರು. ಮಧ್ಯಾಹ್ನದವರೆಗೆ ಕೂತು ಮತ್ತೆ ಬರೆದೆ. ಬರೆಯುವಾಗ ಒಂದು ವಿಷಯ ಹೊಳೆಯಿತು. ಲೆಕ್ಕ ತೀರಿದ ಮೇಲೆ ಅಳಿಸಿ ಮತ್ತೆ ಬರೆಯಲಿ ಅಂತಲೇ ಅಲ್ವಾ ಕಡತ ಮಾಡಿದ್ದು! ಅಳಿಯುವುದನ್ನು ನಾನು ಯಾಕೆ ಇಷ್ಟು ದಿನ ಕೊರತೆ ಅಂದುಕೊಂಡಿದ್ದೆ?

ಮೊನ್ನೆ ದಾವಣಗೆರೆಯಲ್ಲೇ ಪ್ರದರ್ಶನ ಮಾಡಿದಾಗ ಭಟ್ಟಿಯವರನ್ನು ಮನೆಮನೆಗೆ ಹೋಗಿ ಕರೆದಿದ್ದೆ. ಬಂದಿದ್ದು ಐದೇ ಜನ. ಕೆಲಸ ಬಿಟ್ಟು ಬರುವುದು ಸುಲಭ ಇಲ್ಲ, ನನಗೆ ಗೊತ್ತು. ಅವರಲ್ಲಿ ವಯಸ್ಸಾದ ಒಬ್ಬರು ಜರಡಿಯ ಚಿತ್ರದ ಮುಂದೆ ತುಂಬಾ ಹೊತ್ತು ನಿಂತರು.

"ಕೈ ಹಿಂಗಲ್ಲ ಕಣಮ್ಮ" ಅಂದರು. "ಹಿಂಗೆ ಹಿಡಿದ್ರೆ ಬಿಸಿ ಮರಳು ಕಾಲ ಮೇಲೆ ಬೀಳುತ್ತೆ."

"ಹೇಗೆ ಹಿಡೀಬೇಕಮ್ಮ?" ಅಂದೆ.

ಅವರು ಗಾಳಿಯಲ್ಲೇ ಜರಡಿ ಹಿಡಿದು ತೋರಿಸಿದರು. ಎಡಗೈ ಕೆಳಗೆ, ಹೆಬ್ಬೆರಳು ಹೊರಗೆ, ಮೊಣಕೈ ಮೈಗೆ ಒತ್ತಿ. ಎಷ್ಟು ವರ್ಷ ಭಟ್ಟಿಗೆ ಹೋಗಿಯೂ ಆ ಹೆಬ್ಬೆರಳನ್ನು ನಾನು ನೋಡಿಯೇ ಇರಲಿಲ್ಲ. ಒಣ ಅರಿವೆ ತೊಗೊಂಡು ಹಳೇ ಕೈ ಒರೆಸಿದೆ. ಡಬ್ಬಿಯಲ್ಲಿದ್ದ ಕಪ್ಪನ್ನು ಸ್ವಲ್ಪ ಸವರಿದೆ. ಅವರು ಹಾಗೇ ಕೈ ಹಿಡಿದು ನಿಂತರು, ನಾನು ಬರೆದೆ. ಎಣ್ಣೆ ಬಣ್ಣದ ಕ್ಯಾನ್ವಾಸ್ ಆಗಿದ್ದರೆ ಅವರೆದುರೇ ಇದನ್ನು ಮಾಡೋಕೆ ಆಗುತ್ತಿರಲಿಲ್ಲ. ನಾನು ಕಪ್ಪನ್ನು ಬಿಡದೇ ಇರುವುದು ಇದಕ್ಕೇ.

ಬರೆದು ಮುಗಿದ ಮೇಲೆ ಹತ್ತಿರ ಬಂದು ನೋಡಿದರು. "ಈಗ ಸರಿ ಐತೆ" ಅಂದರು. ಆಮೇಲೆ ಪಕ್ಕದ ಚಿತ್ರಕ್ಕೆ ಬೆರಳು ತೋರಿಸಿ, "ಆ ಬಾಣಲೆನೂ ಇನ್ನೊಂಚೂರು ದೊಡ್ಡದು ಮಾಡು" ಅಂದರು.