ಕಾಲು ಕೆಳಗ ಇಳಿಸ್ರಿ

ಸೋಮವಾರ ಮಧ್ಯಾಹ್ನ ಆ ತಾಯಿ ಕೊಪ್ಪಳದ ಬಸ್‌ಸ್ಟ್ಯಾಂಡಿನಿಂದ ಉರಿಬಿಸಿಲಲ್ಲಿ ನಡೆದೇ ಬಂದಿದ್ದರು. ಕಂಕುಳಲ್ಲಿ ಯೂರಿಯಾ ಚೀಲ, ಅದರೊಳಗೆ ಗಾಲಿಕುರ್ಚಿಯ ಗಾಳಿ ಕುಶನ್. "ಇದನ್ನ ಯಾರಿಗರ ಕೊಡ್ರಿ ಸರ. ಮನ್ಯಾಗಿದ್ರ ದಿನಾ ಕಣ್ಣಿಗೆ ಬೀಳ್ತೈತಿ" ಅಂದು ಮೇಜಿನ ಮೇಲಿಟ್ಟರು. ಕಪ್ಪು ರಬ್ಬರಿನ ಗುಳ್ಳೆಗಳ ಸಾಲು, ಮೂಲೆಯಲ್ಲೊಂದು ವಾಲ್ವ್, ಅದಕ್ಕೆ ದಾರದಲ್ಲಿ ಕಟ್ಟಿದ ಸಣ್ಣ ಕೈಪಂಪು. ಒಂದು ಗುಳ್ಳೆಯ ಬುಡದಲ್ಲಿ ಸೈಕಲ್ ಟ್ಯೂಬಿನ ತೇಪೆ. ಒತ್ತಿ ನೋಡಿದರೆ ಗಾಳಿ ಇನ್ನೂ ಇತ್ತು. ಅವರ ಮಗನ 46 ಕೆಜಿ ತೂಕಕ್ಕೆ ಅಳೆದು ತುಂಬಿದ ಗಾಳಿ. ಹುಡುಗ ಹೋಗಿ ನಾಲ್ಕು ತಿಂಗಳಾಗಿತ್ತು.

ನಮ್ಮ ಕಡೆ ಹಾಕಿ ಆಡುವವರು ಕಡಿಮೆ. ಇವನು ಎರಡು ವರ್ಷ ಕ್ರೀಡಾ ಹಾಸ್ಟೆಲಿನಲ್ಲಿದ್ದು, ಊರಿಗೆ ಬಂದು ಹುಡುಗರನ್ನು ಕಟ್ಟಿಕೊಂಡು ಟೀಮು ಮಾಡಿದ್ದ. ಫಾರ್ವರ್ಡ್ ಆಟಗಾರ. ಮಣ್ಣಿನ ಮೈದಾನದಲ್ಲಿ ಒಂದು ಮ್ಯಾಚು. ಚೆಂಡಿನ ಹಿಂದೆ ಬಗ್ಗಿಕೊಂಡು ಡಿ ಒಳಗೆ, ಅಂದರೆ ಗೋಲಿನ ಮುಂದಿನ ಅರ್ಧವೃತ್ತದೊಳಗೆ ನುಗ್ಗಿದ, ಗೋಲ್‌ಕೀಪರ್ ಮುಂದೆ ಬಂದು ಜಾರಿ ಮಲಗಿದ, ಇವನ ಕಾಲು ಆ ಪ್ಯಾಡಿಗೆ ಸಿಕ್ಕಿತು. ಆಚೆ ಹಾರಿ ನೆತ್ತಿಯ ಮೇಲೆ ಬಿದ್ದ. ಹದಿನೆಂಟು ವಯಸ್ಸು.

ಬಿದ್ದವನು ಅಳಲಿಲ್ಲ, ಚೀರಲಿಲ್ಲ. ಅಂಗಾತ ಮಲಗಿಕೊಂಡು, "ಲೇ, ನನ್ನ ಕಾಲು ಕೆಳಗ ಇಳಿಸ್ರಲೇ" ಅಂದ.

ಕಾಲು ಮಣ್ಣಿನ ಮೇಲೇ ಇದ್ದವು. "ಕೆಳಗ ಅದಾವಲೇ, ಏಳು" ಅಂದ ಗೆಳೆಯ. "ಇಲ್ಲಲೇ, ಮ್ಯಾಲ ಅದಾವು. ಇಳಿಸ್ರಿ." ಮೂರು ಸಲ ಹೇಳಿದನಂತೆ. ಆ ಗೋಲ್‌ಕೀಪರ್ ಹುಡುಗ ಈಗಲೂ ಎಲ್ಲೇ ಸಿಗಲಿ, ಮೊದಲು ಎತ್ತುವುದು ಇದೇ ಮಾತು. ಅವನ ತಪ್ಪೇನೂ ಇಲ್ಲ. ಗೋಲ್‌ಕೀಪರ್ ಮಾಡಬೇಕಾದ್ದನ್ನೇ ಮಾಡಿದ್ದ. ಆದರೂ ಅವನಿಗೆ ಅದು ಬಿಟ್ಟಿಲ್ಲ.

ಆ ಮಾತಿಗೆ ಅರ್ಥವಿದೆ. ಬೆನ್ನುಹುರಿ ಕೆಲಸ ನಿಲ್ಲಿಸಿದ ಗಳಿಗೆಯಲ್ಲಿ ಅವನ ಕಾಲು ಗಾಳಿಯಲ್ಲಿದ್ದವು. ಆಮೇಲೆ ಕೆಳಗಿನಿಂದ ಮಿದುಳಿಗೆ ಸುದ್ದಿ ಹೋಗಲೇ ಇಲ್ಲ. ಕೊನೆಗೆ ತಲುಪಿದ ಭಂಗಿಯೇ ಮಿದುಳಿನಲ್ಲಿ ಉಳಿಯಿತು. ಕುತ್ತಿಗೆಗೆ ಪೆಟ್ಟು ಬಿದ್ದವರಲ್ಲಿ ಕೆಲವರು ಹೀಗೇ ಹೇಳುತ್ತಾರೆ: ಕಾಲು ಮೇಲಿದೆ, ಮಡಚಿದೆ, ಯಾರೋ ಎತ್ತಿ ಹಿಡಿದಿದ್ದಾರೆ. ಬಿದ್ದವನ ಬಾಯಲ್ಲಿ ಈ ಮಾತು ಬಂತೆಂದರೆ ಅವನನ್ನು ಒಂದು ಅಂಗುಲವೂ ಅಲುಗಾಡಿಸಬಾರದು. ಒಬ್ಬರು ತಲೆಯ ಹಿಂದೆ ಮಂಡಿಯೂರಿ, ಎರಡೂ ಅಂಗೈಯಲ್ಲಿ ತಲೆಯನ್ನು ಇದ್ದ ಹಾಗೇ ಹಿಡಿದು ಕೂರಬೇಕು. ಇನ್ನೊಬ್ಬರು 108ಕ್ಕೆ ಫೋನ್ ಮಾಡಬೇಕು. ಹೊರಳಿಸಲೇಬೇಕಾಗಿ ಬಂದರೆ ನಾಲ್ವರು ಬೇಕು: ತಲೆಗೆ ಒಬ್ಬ, ಭುಜಕ್ಕೆ, ಸೊಂಟಕ್ಕೆ, ಮಂಡಿಗೆ ಒಬ್ಬೊಬ್ಬ. ಎಣಿಕೆ ಹೇಳುವವನು ತಲೆ ಹಿಡಿದವನು. ಮರದ ದಿಮ್ಮಿ ಉರುಳಿದ ಹಾಗೆ ಮೈಯೆಲ್ಲ ಒಟ್ಟಿಗೆ ತಿರುಗಬೇಕು.

ಅಲ್ಲಿ ಆದದ್ದು ಬೇರೆ. ಇಬ್ಬರು ಕಂಕುಳಿಗೆ ಕೈ ಕೊಟ್ಟರು, ಇಬ್ಬರು ಮಂಡಿ ಹಿಡಿದರು, ತಲೆ ಹಿಂದಕ್ಕೆ ಜೋತು ಬಿತ್ತು, ಜೀಪಿನ ಹಿಂದಿನ ಸೀಟಿಗೆ ತೂರಿಸಿದರು. ಪ್ರೀತಿಯಿಂದಲೇ ಮಾಡಿದರು. ಆ ಮಕ್ಕಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸ್ಟಿಕ್ ಹಿಡಿಯುವುದನ್ನು ಕಲಿಸುವ ಮೊದಲ ವಾರದಲ್ಲೇ ಇದನ್ನೂ ಕಲಿಸಬೇಕಿತ್ತು. ಆ ವಿಷಯದಲ್ಲಿ ದೊಡ್ಡವರ ಮೇಲೆ ಸಿಟ್ಟಿದೆ.

ಕುತ್ತಿಗೆ ಸಹಜವಾಗಿ ಸ್ವಲ್ಪ ಬಾಗಿರುತ್ತದೆ, ಆ ಬಾಗೇ ಪೆಟ್ಟನ್ನು ಸ್ಪ್ರಿಂಗಿನಂತೆ ತಾಳಿಕೊಳ್ಳುತ್ತದೆ. ಗದ್ದ ಎದೆಯ ಕಡೆ ಇಳಿದರೆ ಬಾಗು ಹೋಗಿ ಎಲುಬುಗಳು ಒಂದರ ಮೇಲೊಂದು ನೆಟ್ಟಗೆ ನಿಲ್ಲುತ್ತವೆ. ನೆತ್ತಿ ನೆಲಕ್ಕೆ ತಾಗಿ ನಿಂತರೂ ಹಿಂದಿನಿಂದ ಬರುವ ಮೈಭಾರ ನಿಲ್ಲುವುದಿಲ್ಲ. ನಡುವೆ ಸಿಕ್ಕ ಎಲುಬು ಒಡೆಯುತ್ತದೆ. ಕಬಡ್ಡಿಯಲ್ಲಿ ತಲೆ ತಗ್ಗಿಸಿ ನುಗ್ಗುವಾಗಲೂ ಇದೇ. ತುಂಗಭದ್ರಾ ಕಾಲುವೆಯಲ್ಲಿ ನೀರು ಇಳಿದದ್ದು ಗೊತ್ತಿಲ್ಲದೆ ಸೇತುವೆಯಿಂದ ತಲೆ ಮುಂದಾಗಿ ಜಿಗಿಯುವಾಗಲೂ ಇದೇ.

ಅವನಿಗೆ ಪೆಟ್ಟಾದದ್ದು ಕುತ್ತಿಗೆಯೊಳಗಿನ ಬೆನ್ನುಹುರಿಯ ಆರನೇ ಮಟ್ಟದಲ್ಲಿ. ಭುಜ ಏಳುತ್ತಿತ್ತು, ಮೊಣಕೈ ಮಡಚುತ್ತಿತ್ತು, ಮಣಿಕಟ್ಟು ಮೇಲೇಳುತ್ತಿತ್ತು. ಬೆರಳಿಲ್ಲ, ಕಾಲಿಲ್ಲ. ಅಜ್ಜಿ ದಿನಾ ಎಣ್ಣೆ ಹಚ್ಚಿ, ಮಣಿಕಟ್ಟು ಹಿಂದಕ್ಕೆ ಬಗ್ಗಿಸಿ, ಬೆರಳುಗಳನ್ನು ಒಂದೊಂದಾಗಿ ಚಪ್ಪಟೆಯಾಗಿ ನೀವುತ್ತಿದ್ದರು. ಅದನ್ನು ನಿಲ್ಲಿಸಲು ಒಂದು ತಿಂಗಳು ಬೇಕಾಯಿತು. ಈ ಮಟ್ಟದವರಿಗೆ ಬೆರಳು ಮಡಚುವ ಸ್ನಾಯುಗಳು ಸ್ವಲ್ಪ ಬಿಗಿಯಾಗಿಯೇ ಇರಬೇಕು. ಮಣಿಕಟ್ಟು ಎತ್ತಿದರೆ ಬೆರಳು ತಾನಾಗಿ ಮುಚ್ಚುತ್ತದೆ, ಇಳಿಸಿದರೆ ಬಿಚ್ಚುತ್ತದೆ. ಲೋಟ, ಮೊಬೈಲು, ಚಮಚ ಎಲ್ಲ ಆ ಹಿಡಿತದಲ್ಲೇ. ಎಳೆದು ಎಳೆದು ಸಡಿಲ ಮಾಡಿದರೆ ಆ ಹಿಡಿತ ಹೋಯಿತು, ಮತ್ತೆ ಬರುವುದು ಕಷ್ಟ. ಅವನು ಹಾಗೇ ಸೀಟಿ ಹಿಡಿಯಲು ಕಲಿತ. ಸ್ಟಿಕ್ಕನ್ನು ಮುಂಗೈಗೆ ಅಗಲ ಬೆಲ್ಟಿನಲ್ಲಿ ಕಟ್ಟಿಸಿಕೊಂಡು, ಸಂಜೆ ಮೈದಾನದ ಅಂಚಿನಲ್ಲಿ ಕೂತು ಸಣ್ಣ ಹುಡುಗರಿಗೆ ಪಾಸು ಕಲಿಸುತ್ತಿದ್ದ. ಮೈದಾನದ ದಾರಿ ತುಂಬ ಬಳ್ಳಾರಿ ಜಾಲಿ ಮುಳ್ಳು, ವಾರಕ್ಕೆರಡು ಪಂಕ್ಚರು. ಕೊನೆಗೆ ಊರಿನ ಪಂಕ್ಚರ್ ಅಂಗಡಿಯವನೇ ಗಾಳಿ ಬೇಡದ ಗಟ್ಟಿ ಟೈರು ತರಿಸಿ ಹಾಕಿದ, ಕೂಲಿ ಮುಟ್ಟಲಿಲ್ಲ. ಅಂಥ ಮನುಷ್ಯರೂ ಇದ್ದಾರೆ.

ಅವನ ಮೊಬೈಲಿನಲ್ಲಿ ಟ್ರಾವಿಸ್ ರಾಯ್ ಫೋಟೊ ಇತ್ತು. ಬಾಸ್ಟನ್ ವಿಶ್ವವಿದ್ಯಾಲಯದ ಐಸ್ ಹಾಕಿ ಹುಡುಗ, 24ನೇ ನಂಬರಿನ ಜೆರ್ಸಿ. 1995ರ ಅಕ್ಟೋಬರ್ 20ರಂದು ತನ್ನ ಮೊದಲ ಕಾಲೇಜು ಪಂದ್ಯದಲ್ಲಿ ಅಂಗಳಕ್ಕಿಳಿದ 11ನೇ ಸೆಕೆಂಡಿಗೆ ಅಂಚಿನ ಗೋಡೆಗೆ ತಲೆ ಬಡಿದು ಕುತ್ತಿಗೆ ಮುರಿದುಕೊಂಡ. ವಯಸ್ಸು 20. ಅವನ ಪೆಟ್ಟು ಇವನದಕ್ಕಿಂತ ಮೇಲೆ, ಅಂದರೆ ಇವನಿಗಿದ್ದಷ್ಟು ಕೈಯೂ ಅವನಿಗಿರಲಿಲ್ಲ. ಆದರೂ 25 ವರ್ಷ ಬದುಕಿದ, ತನ್ನಂಥವರಿಗೆ ಸಲಕರಣೆ ಕೊಡಿಸಲು ಸಂಸ್ಥೆ ಕಟ್ಟಿದ, 2020ರಲ್ಲಿ ತೀರಿಕೊಂಡ. ಇವನು ಬದುಕಿದ್ದು ಆರು ವರ್ಷ.

ಊರಲ್ಲಿ ಎಲ್ಲರೂ "ಕುತ್ತಿಗಿ ಮುರಕೊಂಡು ಸತ್ತ" ಅನ್ನುತ್ತಾರೆ. ಅದು ನಿಜವಲ್ಲ. ಅವನು ಸತ್ತದ್ದು ಕೂತ ಜಾಗದಲ್ಲಾದ ಹುಣ್ಣಿನಿಂದ.

ಎರಡನೇ ಮಹಾಯುದ್ಧದವರೆಗೂ ಇಂಥ ಪೆಟ್ಟು ಬಿದ್ದ ಬಹುಪಾಲು ಜನರನ್ನು ಕೊಂದದ್ದು ಚರ್ಮದ ಹುಣ್ಣು ಮತ್ತು ಮೂತ್ರದ ಸೋಂಕು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ಲುಡ್ವಿಗ್ ಗುಟ್‌ಮನ್ ಎಂಬ ವೈದ್ಯ ಹಗಲೂ ರಾತ್ರಿ ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸಬೇಕೆಂದು ಹಟ ಹಿಡಿದ. ಅಷ್ಟು ಸರಳ ಕೆಲಸ, ಅಷ್ಟೇ ಕಷ್ಟದ ಕೆಲಸ. ಈ ಮನೆಯಲ್ಲಿ ಅದನ್ನು ಅವನ ತಂಗಿ ಮಾಡಿದಳು. ಅಲಾರಂ ಇಟ್ಟು ರಾತ್ರಿ ಹನ್ನೆರಡು, ಎರಡು, ನಾಲ್ಕಕ್ಕೆ ಏಳುತ್ತಿದ್ದಳು. ನಾಲ್ಕು ಗಂಟೆಗೊಮ್ಮೆ ನಳಿಕೆ ಹಾಕಿ ಮೂತ್ರ ತೆಗೆಯುವುದನ್ನೂ ಅವಳೇ ಕಲಿತಳು. ಒಂದು ಸಲಕ್ಕೆ 400 ಮಿಲಿ ದಾಟಿದರೆ ಮುಂದಿನ ಸಲ ಬೇಗ ತೆಗೆಯಬೇಕು ಅನ್ನುವ ಲೆಕ್ಕ ಅವಳ ಹಳೇ ನೋಟ್‌ಬುಕ್ಕಿನಲ್ಲಿ ದಿನಾಂಕದ ಸಮೇತ ಇದೆ. ಒಮ್ಮೆ ಅವನಿಗೆ ತಲೆ ಸಿಡಿಯುವಂತೆ ನೋವು ಬಂದು, ಮುಖ ಕೆಂಪಾಗಿ, ಹಣೆ ಬೆವರಿತು. ಸುತ್ತ ಇದ್ದವರು "ಮಲಗಿಸ್ರಿ" ಅಂದರು. ಅವಳು ಎಬ್ಬಿಸಿ ಕೂರಿಸಿ, ಬೆಲ್ಟು ಬಿಚ್ಚಿ, ಮೂತ್ರ ತೆಗೆದಳು. ತುಂಬಿದ ಮೂತ್ರಚೀಲ ಖಾಲಿಯಾದಂತೆ ನೋವು ಇಳಿಯಿತು. ಮೂತ್ರಚೀಲ ತುಂಬಿದರೆ ಇಂಥವರ ರಕ್ತದೊತ್ತಡ ಏರಿಬಿಡುತ್ತದೆ. ಈ ಪೆಟ್ಟಿನವರ ರಕ್ತದೊತ್ತಡದ ಮೇಲಿನ ಅಂಕಿ ಸಾಮಾನ್ಯವಾಗಿ 100ರ ಆಸುಪಾಸು. ಅವರಿಗೆ 150 ಅಂದರೆ ಅಪಾಯ, ಮಲಗಿಸಿದರೆ ಇನ್ನೂ ಏರುತ್ತದೆ. ಆಗ ಅವಳಿನ್ನೂ ಪಿಯುಸಿ ಹುಡುಗಿ.

ಬೇಸಿಗೆ ಬೇರೆಯದೇ ಕಥೆ. ಪೆಟ್ಟಿನ ಕೆಳಗೆ ಮೈ ಬೆವರುವುದಿಲ್ಲ. ತಗಡಿನ ಸೂರಿನ ಕೆಳಗೆ ಮಧ್ಯಾಹ್ನ ಮೈ 102 ಡಿಗ್ರಿ ಆದರೆ ಪ್ಯಾರಾಸಿಟಮಾಲ್ ನಾಟುವುದಿಲ್ಲ. ಒದ್ದೆ ಟವೆಲ್ಲು, ಮೈಮೇಲೆ ನೀರು ಸಿಂಪಡಿಸುವುದು, ಫ್ಯಾನು, ಅದೇ ಔಷಧ.

ಇಷ್ಟೆಲ್ಲ ಗೆದ್ದವನು ಸೋತದ್ದು ಒಂದು ಲಗ್ನಕ್ಕೆ. ಗಾಲಿಕುರ್ಚಿ ಗಾಡಿಯಲ್ಲಿ ಹಿಡಿಸುವುದಿಲ್ಲ, "ಒಂದಿನಕ್ಕ ಏನಾಕ್ಕೈತಿ" ಅಂದ ಮಾವ. ಕುರ್ಚಿಯ ಜೊತೆ ಕುಶನ್ನೂ ಮನೆಯಲ್ಲಿ ಉಳಿಯಿತು. ಪ್ಲಾಸ್ಟಿಕ್ ಕುರ್ಚಿಯಲ್ಲಿ, ಜೀಪಿನ ಸೀಟಿನಲ್ಲಿ ಒಟ್ಟು ಒಂಬತ್ತು ಗಂಟೆ. ಮನೆಯಲ್ಲಾದರೆ ಅರ್ಧ ಗಂಟೆಗೊಮ್ಮೆ ಪೂರ್ತಿ ಎರಡು ನಿಮಿಷ ಮುಂದಕ್ಕೆ ಬಗ್ಗಿ ಕುಂಡೆಯ ಭಾರ ಇಳಿಸುತ್ತಿದ್ದ. ಜನರ ನಡುವೆ ನಾಚಿಕೆಯಾಗಿ ಬಗ್ಗಲಿಲ್ಲ. ರಾತ್ರಿ ತಂಗಿ ನೋಡಿದಾಗ ಎಡಗಡೆ ರೂಪಾಯಿ ಅಗಲದ ಕೆಂಪು, ಬೆರಳಲ್ಲಿ ಒತ್ತಿದರೂ ಬಿಳಿಚುತ್ತಿರಲಿಲ್ಲ. ಅಂಥ ಕೆಂಪು ಅಂದರೆ ಒಳಗೆ ಎಲುಬಿನ ಹತ್ತಿರ ಆಗಲೇ ಮಾಂಸ ಸತ್ತಿರಬಹುದು. ಇಂಥ ಹುಣ್ಣು ಎಷ್ಟೋ ಸಲ ಒಳಗಿನಿಂದ ಹೊರಗೆ ಬರುತ್ತದೆ. ಹದಿನೈದು ದಿನಕ್ಕೆ ಹೆಬ್ಬೆರಳು ಹೋಗುವಷ್ಟು ಗುಂಡಿ, ಆಮೇಲೆ ಎಲುಬಿಗೆ ಕೀವು, ಆಮೇಲೆ ರಕ್ತಕ್ಕೆ. ಮಾವನನ್ನು ಕ್ಷಮಿಸಲು ತಾಯಿಗೆ ಸಾಧ್ಯವಾಗಿದೆ. ನನಗೆ ಇನ್ನೂ ಆಗಿಲ್ಲ.

ಕುಶನ್ ಯಾರಿಗೆ ಎಂದು ಯೋಚಿಸಬೇಕಾಗಿರಲಿಲ್ಲ. ಗಂಗಾವತಿ ಕಡೆ ಕಾಲುವೆಗೆ ಜಿಗಿದ ಹುಡುಗನೊಬ್ಬ ಹಾಸಿಗೆ ಬಿಟ್ಟು ಕೂರಲು ಶುರುಮಾಡಿದ್ದ. ದಡಕ್ಕೆ ಎಳೆದಾಗ ಅವನೂ "ಕಾಲು ನೀರಾಗ ತೇಲಾಕತ್ತಾವು" ಅಂದಿದ್ದನಂತೆ. ವಿಳಾಸ ಕೇಳಿದ ತಾಯಿ, "ನಾನೂ ಬರ್ತೀನ್ರಿ. ಗಾಳಿ ನೋಡೂದು ಅವರಿಗೆ ತಿಳಿಯಂಗಿಲ್ಲ" ಅಂದರು. ಅವರ ಮಾತು ಸರಿಯಾಗಿತ್ತು. ಗಾಳಿ ಹೆಚ್ಚಿದ್ದರೆ ಒಳ್ಳೆಯದು ಅಂತ ಜನ ಟೈರಿನ ಹಾಗೆ ಗಟ್ಟಿ ತುಂಬುತ್ತಾರೆ, ಎಲುಬು ತುದಿಯಲ್ಲಿ ಕೂರುತ್ತದೆ. ಕಡಿಮೆಯಾದರೆ ತಳಕ್ಕೆ ತಾಗುತ್ತದೆ.

ಗುರುವಾರ ಹೋದೆವು. ಆ ಹುಡುಗ 61 ಕೆಜಿ. ತಾಯಿ ನೆಲದ ಮೇಲೆ ಕೂತು ಮೊದಲು ಪಂಪು ಹೊಡೆದು ಗುಳ್ಳೆಗಳು ಉಬ್ಬುವಷ್ಟು ತುಂಬಿದರು, ಹುಡುಗನನ್ನು ಮೇಲೆ ಕೂರಿಸಿದೆವು. ಅವನ ತೊಡೆ ಎತ್ತಿ ಕೆಳಗೆ ಕೈ ಹಾಕಿ, ಇನ್ನೊಂದು ಕೈಯಲ್ಲಿ ವಾಲ್ವ್ ತಿರುಗಿಸಿ, ಸುಯ್ಯೆಂದು ಚೂರು ಚೂರೇ ಗಾಳಿ ಬಿಟ್ಟರು. ನಿಲ್ಲಿಸಿದರು. ಕೈ ತೆಗೆದು ಆ ಹುಡುಗನ ಅವ್ವನ ಕೈ ಹಿಡಿದು ಅದೇ ಜಾಗಕ್ಕೆ ತೂರಿಸಿದರು.

"ಎಲುವು ಸಿಕ್ತೇನವ್ವ?"

"ಹ್ಞೂಂ, ಸಿಕ್ತು."

"ಅದರ ಕೆಳಗ ಒಂದು ಬೆರಳು ಆಡಬೇಕು, ಅಷ್ಟ. ದಿನಾ ಮುಂಜಾನಿ ಕೈ ಹಾಕಿ ನೋಡು. ಲಗ್ನಕ್ಕ ಹೋದ್ರೂ ಇದನ್ನ ಬಿಟ್ಟು ಹೋಗಬ್ಯಾಡ."