ನಮ್ಮ ಚಪ್ಪರದ ಜೇಡ್ ಬಳ್ಳಿ

ತೀರ್ಥಹಳ್ಳಿಯ ನಮ್ಮ ಮನೆ ಚಪ್ಪರದಲ್ಲಿ ಜೇಡ್ ಬಳ್ಳಿ ಹೂ ಬಿಟ್ಟಿದೆ. ಆ ಬಣ್ಣ ಹೇಗೆ ಹೇಳಲಿ? ಪೂರ್ತಿ ಹಸಿರೂ ಅಲ್ಲ, ನೀಲಿಯೂ ಅಲ್ಲ. ಮಾರುದ್ದ ಜೋತುಬಿದ್ದ ಗೊಂಚಲಲ್ಲಿ ಒಂದೊಂದು ಹೂವೂ ಗಿಳಿಕೊಕ್ಕಿನ ಹಾಗೆ ಬಾಗಿದೆ. ಉದುರಿ ಒಣಗಿದರೆ ನೇರಳೆಗೆ ತಿರುಗುತ್ತದೆ.

ಇದು ನಮ್ಮ ಅವರೆ, ಅಲಸಂದೆ ಕುಟುಂಬದ್ದೇ. ತವರು ಮಾತ್ರ ಫಿಲಿಪೀನ್ಸ್. ಲೂಜಾನ್, ಮಿಂಡೋರೊ ದ್ವೀಪಗಳ ಮಳೆಕಾಡಲ್ಲಿ ಹಳ್ಳದ ಬದಿಯ ಮರ ಹತ್ತುತ್ತದೆ. ಅಲ್ಲಿ ಬಾವಲಿಗಳು ತಲೆಕೆಳಗಾಗಿ ನೇತುಬಿದ್ದು ಮಕರಂದ ಕುಡಿಯುತ್ತವೆ. ತಲೆಗೆ ಅಂಟಿದ ಪರಾಗ ಮುಂದಿನ ಹೂವಿಗೆ ದಾಟುತ್ತದೆ. ನಮ್ಮಲ್ಲಿ ಇದುವರೆಗೆ ಕಾಯಿ ಕಟ್ಟಿಲ್ಲ. "ಕಾಯಿ ಬಿಡದ ಬಳ್ಳಿಗೆ ಇಷ್ಟೊಂದು ಗೊಬ್ಬರ ಯಾಕೆ ಮಾರಾಯ್ತಿ?" ಅನ್ನುತ್ತಾರೆ ಅತ್ತೆ. ಈ ಸಲ ನಾನೇ ಪರಾಗ ಮುಟ್ಟಿಸುತ್ತಿದ್ದೇನೆ. ತವರಲ್ಲಿ ಕಾಡು ಕಡಿದು ಬಳ್ಳಿ ಅಪರೂಪವಾಗುತ್ತಿದೆ. ಒಂದು ಕಾಯಾದರೂ ಆಗಲಿ ಅಂತ ಜೀವ ಹಂಬಲಿಸುತ್ತದೆ.